ಚಾಪೆ ಮೇಲಿನ ಒಂದು ಗಂಟೆ, ಮೈದಾನದ ಆರು ಸುತ್ತು

ಈ ತಿಂಗಳು ಬಂದ ಕಾಗದಗಳಲ್ಲಿ ಒಂದನ್ನು ಓದಿ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಆಮೇಲೆ ಅದೇ ಕಾಗದ ಹಿಡಿದು ಅರ್ಧ ಗಂಟೆ ಜಗಳ ಆಡಿದೆವು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗಿದೆ. ಬರೆದವರು ದಾವಣಗೆರೆಯವರು. ವಯಸ್ಸು 52, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಮಾತು ಹೀಗಿದೆ:

"ನಾಲ್ಕು ವರ್ಷದಿಂದ ಬೆಳಿಗ್ಗೆ ಐದೂವರೆಗೆ ಯೋಗ ಕ್ಲಾಸಿಗೆ ಹೋಗುತ್ತಿದ್ದೇನೆ. ನಮ್ಮನೆಯವರು ಅದೇ ಹೊತ್ತಿಗೆ ಹೈಸ್ಕೂಲ್ ಮೈದಾನದಲ್ಲಿ ಬಿರಬಿರನೆ ಆರು ಸುತ್ತು ಹಾಕುತ್ತಾರೆ. ದೀಪಾವಳಿಗೆ ಮಗ ಇಬ್ಬರಿಗೂ ಸ್ಮಾರ್ಟ್ ವಾಚ್ ತಂದುಕೊಟ್ಟ. ಅಲ್ಲಿಂದ ಶುರುವಾಯಿತು ನೋಡಿ. ನನ್ನ ಒಂದು ಗಂಟೆಗೆ ಅದು 140 ಕ್ಯಾಲರಿ ತೋರಿಸುತ್ತದೆ, ಅವರ ಮುಕ್ಕಾಲು ಗಂಟೆಗೆ 240. 'ಹಾಸಿಗೆಯಿಂದ ಎದ್ದು ಹೋಗಿ ಚಾಪೆ ಮೇಲೆ ಮಲಗೋಕೆ ತಿಂಗಳಿಗೆ 600 ರೂಪಾಯಿ ಯಾಕೆ' ಅಂತ ದಿನಾ ಚುಚ್ಚುತ್ತಾರೆ. ನನಗೆ ಬಿಪಿ ಇದೆ, ಮಾತ್ರೆ ತಗೋತೀನಿ. ಸಕ್ಕರೆ ಗಡಿಯಲ್ಲಿದೆ. ಡಾಕ್ಟರು ವಾಕಿಂಗ್ ಮಾಡಿ ಎಂದರು. ಯೋಗ ಮಾಡುವವರಿಗೆ ವಾಕಿಂಗ್ ಯಾಕೆ? ನಮ್ಮ ಕ್ಲಾಸಿನಲ್ಲಿ ಒಬ್ಬರು ಬಿಪಿ ಮಾತ್ರೆಯನ್ನೇ ಬಿಟ್ಟಿದ್ದಾರೆ, ನಾನೂ ಬಿಡಲೇ? ಪುನೀತ್ ಹೋದ ಮೇಲಂತೂ ಜಿಮ್, ಓಟ ಅಂದರೆ ನನಗೆ ಎದೆ ಝಲ್ ಅನ್ನುತ್ತದೆ. ಯಾವುದು ಮೇಲು? ನೀವೇ ಒಂದು ತೀರ್ಪು ಕೊಡಿ."

ಅಕ್ಕಾವರೇ,

ಮೊದಲು ಮಾತ್ರೆಯ ವಿಷಯ. ಬಿಡಬೇಡಿ. ಯೋಗದಿಂದ ಬಿಪಿ ಸ್ವಲ್ಪ ಇಳಿಯುವುದು ನಿಜ. ನಡಿಗೆಯಿಂದಲೂ ಇಳಿಯುತ್ತದೆ. ಆದರೆ ಮಾತ್ರೆ ಕಡಿಮೆ ಮಾಡುವುದೋ ನಿಲ್ಲಿಸುವುದೋ ಬರೆದುಕೊಟ್ಟ ಡಾಕ್ಟರೇ ಹೇಳಬೇಕು. ಪಕ್ಕದ ಚಾಪೆಯವರು ಹೇಳಬಾರದು. ಬಿಪಿ ಏರಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. "ಮಾತ್ರೆ ಬಿಟ್ಟರೂ ಆರಾಮಾಗಿದ್ದೀನಿ" ಎನ್ನುವ ಮಾತನ್ನು ಅದಕ್ಕೇ ನಂಬಬಾರದು.

ಈಗ ಆ ವಾಚಿಗೆ ಬರೋಣ. ನಿಮಗೆ ಬೇಸರ ಆಗಬಹುದು, ಆದರೆ ಅದು ಸುಳ್ಳು ಹೇಳುತ್ತಿಲ್ಲ. ಸುಮ್ನೆ ಕೂತಾಗ ಮೈ ಖರ್ಚು ಮಾಡುವ ಶಕ್ತಿಯನ್ನು ಒಂದು ಎಂದು ಇಟ್ಟುಕೊಳ್ಳಿ. ಮಾಮೂಲಿ ಹಠಯೋಗದ ಕ್ಲಾಸಿನಲ್ಲಿ ಅದು ಎರಡೂವರೆ ಪಟ್ಟಾಗುತ್ತದೆ. ಸೂರ್ಯ ನಮಸ್ಕಾರದಲ್ಲಿ ಮೂರಕ್ಕಿಂತ ತುಸು ಜಾಸ್ತಿ. ಬಿರುಸಾಗಿ ನಡೆದರೆ ನಾಲ್ಕು ದಾಟುತ್ತದೆ. ಗಂಟೆಗೆ ಎಂಟು ಕಿಲೋಮೀಟರಿನಂತೆ ಓಡಿದರೆ ಎಂಟು ಪಟ್ಟು. 60 ಕೆ.ಜಿ. ತೂಕದವರಿಗೆ ಲೆಕ್ಕ ಹಾಕಿದರೆ ಒಂದು ಗಂಟೆ ಯೋಗಕ್ಕೆ ಸುಮಾರು 150 ಕ್ಯಾಲರಿ, ಅಷ್ಟೇ ಹೊತ್ತಿನ ಬಿರುಸು ನಡಿಗೆಗೆ 250ರ ಆಚೀಚೆ. ನಿಮ್ಮ ಮಗ ಕೊಟ್ಟ ಯಂತ್ರ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದೆ.

ಡಾಕ್ಟರು ವಾಕಿಂಗ್ ಎಂದಿದ್ದೂ ಇದಕ್ಕೇ. ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಓಟದಂಥ ಜೋರಿನದಾದರೆ ಅದರ ಅರ್ಧ ಸಾಕು. ಈ 'ಸಾಧಾರಣ ಬಿರುಸು' ಶುರುವಾಗುವುದೇ ಮೂರು ಪಟ್ಟಿನಿಂದ. ಎರಡೂವರೆಯಲ್ಲಿ ನಡೆಯುವ ನಿಮ್ಮ ಕ್ಲಾಸು ಗೆರೆಯ ಸ್ವಲ್ಪ ಈಚೆಗೇ ನಿಂತುಬಿಡುತ್ತದೆ. ವಾರಕ್ಕೆ ಆರು ಗಂಟೆ ಯೋಗ ಮಾಡಿಯೂ ಈ 150 ನಿಮಿಷದ ಖಾತೆ ಖಾಲಿ ಇರುವುದು ಸಾಧ್ಯ. ಇದು ಬಹಳ ಜನ ಯೋಗದವರಿಗೆ ಹಿಡಿಸದ ಮಾತು. ಆದರೂ ಹೇಳಲೇಬೇಕು.

ಹಾಗಂತ ಯೋಗವೆಲ್ಲ ಒಂದೇ ವೇಗದ್ದಲ್ಲ. ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ, ಮೈಸೂರಿಗೆ ಹೋದರೆ ಸಾಕು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಅವರ ಶಿಷ್ಯರಲ್ಲಿ ಇಬ್ಬರನ್ನು ನೋಡಿ. ಹಾಸನ ಕಡೆಯ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರು ಉಸಿರಿಗೆ ಸರಿಯಾಗಿ ಒಂದರ ಹಿಂದೆ ಒಂದು ಆಸನ ಓಡಿಸುವ ಅಷ್ಟಾಂಗ ಪದ್ಧತಿ ಕಲಿಸಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಪುಣೆಗೆ ಹೋಗಿ, ಹಗ್ಗ, ಇಟ್ಟಿಗೆ, ಕುರ್ಚಿ ಇಟ್ಟುಕೊಂಡು ಒಂದೇ ಆಸನದಲ್ಲಿ ಬಹಳ ಹೊತ್ತು ನಿಲ್ಲಿಸುವ ಪದ್ಧತಿ ಬೆಳೆಸಿದರು. ಗುರು ಒಬ್ಬರೇ, ವೇಗ ಬೇರೆ ಬೇರೆ. ಮೈಸೂರಿನ ಗೋಕುಲಂನಲ್ಲಿ ಒಂದೂವರೆ ಗಂಟೆ ಅಷ್ಟಾಂಗ ಮುಗಿಸಿ ಹೊರಗೆ ಬರುವವರ ಅಂಗಿ ಹಿಂಡಿದರೆ ನೀರು ಬರುತ್ತದೆ. ಅವರ ಎದುರು ನಿಮ್ಮ ಯಜಮಾನರು ಚಾಪೆಯ ಜೋಕು ಹೇಳಲಾರರು.

ಇನ್ನೊಂದು ಸಂಗತಿ. ಅದೇ ಅರಮನೆಯಲ್ಲಿ, ಯೋಗಶಾಲೆಯ ಹತ್ತಿರವೇ ಬೆಂಗಳೂರಿನ ಕೆ.ವಿ. ಅಯ್ಯರ್ ಅವರ ಶಿಷ್ಯರೊಬ್ಬರು ವ್ಯಾಯಾಮ ಕಲಿಸುತ್ತಿದ್ದರು. ಅಯ್ಯರ್ ಅಂದರೆ ದೇಹದಾರ್ಢ್ಯದಲ್ಲಿ ಆ ಕಾಲಕ್ಕೇ ದೊಡ್ಡ ಹೆಸರು. ಕನ್ನಡ ಕಾದಂಬರಿಕಾರರೂ ಹೌದು. ಯೋಗ ಒಂದು ಪಕ್ಷ, ಕಸರತ್ತು ಇನ್ನೊಂದು ಪಕ್ಷ ಎಂಬ ಜಗಳ ಆ ಅರಮನೆಗೆ ಇರಲಿಲ್ಲ. ಅದು ನಮ್ಮ ಕಾಲದ್ದು.

ನಿಮ್ಮ ಪ್ರಶ್ನೆಯ ಹೃದಯ ಹೃದಯವೇ ತಾನೇ? ಇದಕ್ಕೆ ನನಗೆ ಬಹಳ ಇಷ್ಟವಾದ ಕಥೆ ಒಂದಿದೆ, ಬಸ್ಸಿನದು. ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್, ಕಂಡಕ್ಟರ್‌ಗಳ ಆರೋಗ್ಯದ ಲೆಕ್ಕ ತೆಗೆದರು. 1953ರಲ್ಲಿ ಪ್ರಕಟಿಸಿದರು. ಬಸ್ಸು ಅದೇ, ರಸ್ತೆ ಅದೇ, ಹೊಗೆ ಅದೇ. ಆದರೂ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ. ಡ್ರೈವರ್ ದಿನವಿಡೀ ಕೂತಿರುತ್ತಾನೆ, ಕಂಡಕ್ಟರ್ ಟಿಕೆಟ್ ಕೊಡುತ್ತಾ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಇಬ್ಬರಲ್ಲಿ ಬೇರೆ ವ್ಯತ್ಯಾಸಗಳೂ ಇದ್ದವು, ಡ್ರೈವರ್‌ಗಳ ಸೊಂಟದ ಅಳತೆ ಮೊದಲೇ ಜಾಸ್ತಿ ಇತ್ತು ಎಂದು ಆಮೇಲೆ ಚರ್ಚೆಯೂ ಆಯಿತು. ಆದರೆ ಮೈ ಆಡಿಸುವುದಕ್ಕೂ ಹೃದಯಕ್ಕೂ ಇರುವ ನಂಟನ್ನು ವೈದ್ಯರು ಗಂಭೀರವಾಗಿ ತಗೊಳ್ಳಲು ಶುರುಮಾಡಿದ್ದು ಹೆಚ್ಚಾಗಿ ಅಲ್ಲಿಂದ.

ನೀವು ದಿನಕ್ಕೆ ಎಂಟು ಗಂಟೆ ಹೊಲಿಗೆ ಮಷಿನ್ ಮುಂದೆ ಕೂರುತ್ತೀರಿ. ಹಿಂದೆ ಅದನ್ನು ಕಾಲಲ್ಲಿ ತುಳಿಯಬೇಕಿತ್ತು, ಈಗ ಮೋಟಾರು ಬಂದಿರಬೇಕು. ಅಂದರೆ ಈ ಕಥೆಯಲ್ಲಿ ನೀವು ಡ್ರೈವರ್. ದಿನಾ ಸ್ವಲ್ಪ ಏದುಸಿರು ಬರುವಂತೆ ನಡೆದರೆ, ಮೆಟ್ಟಿಲು ಹತ್ತಿದರೆ, ಸೈಕಲ್ ತುಳಿದರೆ ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುವುದನ್ನು ಕಲಿಯುತ್ತದೆ. ತೊಡೆಯ ದೊಡ್ಡ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಮಗ ಇದನ್ನೇ ಕಾರ್ಡಿಯೋ ಎನ್ನುತ್ತಾನೆ. ಗಡಿಯಲ್ಲಿರುವ ನಿಮ್ಮ ಸಕ್ಕರೆಗೆ ಊಟವಾದ ಮೇಲೆ ಹದಿನೈದು ನಿಮಿಷ ಓಣಿಯಲ್ಲಿ ಅಡ್ಡಾಡುವುದೂ ಒಳ್ಳೆಯದೇ. ಊಟ ಮುಗಿಸಿದ ಕೂಡಲೇ ಮಷಿನ್ ಮುಂದೆ ಕೂತುಬಿಡಬೇಡಿ.

ಇಲ್ಲಿಗೆ ಯಜಮಾನರು ಪತ್ರಿಕೆ ಮಡಚಿಟ್ಟು ಗೆದ್ದೆ ಎಂದುಕೊಂಡಾರು. ತಡೀರಿ, ಈಗ ನನ್ನ ಕಥೆ.

ನಾನೂ ಮೈದಾನದ ಪಕ್ಷದವನೇ. ಹದಿನೈದು ವರ್ಷ ದಿನಾ ಐದು ಕಿಲೋಮೀಟರ್ ನಡೆದಿದ್ದೇನೆ, ಅದರ ಹೆಮ್ಮೆಯೂ ಇತ್ತು. ಎರಡು ವರ್ಷದ ಹಿಂದೆ ನೆಂಟರ ಮನೆಯ ಗೃಹಪ್ರವೇಶದಲ್ಲಿ ನೆಲದ ಪಂಕ್ತಿಗೆ ಕೂತೆ. ಪಾಯಸ ಬರುವ ಹೊತ್ತಿಗೆ ಬಲಗಾಲು ಮರಗಟ್ಟಿತು. ಊಟ ಮುಗಿದು ಎಲ್ಲರೂ ಎದ್ದರು. ನಾನು ಏಳಲಾರೆ. ಎಲೆ ಎತ್ತಲು ಬಂದ ಹುಡುಗ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದ. ನನ್ನ ಪಕ್ಕ ಕೂತಿದ್ದ 78ರ ಸೋದರತ್ತೆ ಕೈ ಊರದೆ ಎದ್ದು ಕೈ ತೊಳೆಯಲು ಹೋಗಿಯಾಗಿತ್ತು.

ಇದು ಬರೀ ಮಾನದ ಪ್ರಶ್ನೆ ಅಲ್ಲ. ಬ್ರೆಜಿಲ್‌ನ ವೈದ್ಯರು 51ರಿಂದ 80 ವಯಸ್ಸಿನ ಎರಡು ಸಾವಿರ ಜನರನ್ನು ನೆಲದಲ್ಲಿ ಕೂತು ಏಳಿಸಿ ಅಂಕ ಕೊಟ್ಟರು. ಪೂರ್ತಿ ಅಂಕ ಹತ್ತು. ಕೈ ಊರಿದರೆ, ಮೊಣಕಾಲು ಊರಿದರೆ ಒಂದೊಂದು ಅಂಕ ಕಡಿತ. ಕಡಿಮೆ ಅಂಕದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಬಹಳ ಜಾಸ್ತಿ ಇತ್ತು ಎಂದು 2012ರಲ್ಲಿ ಬರೆದರು. ನೆಲದಿಂದ ಎದ್ದರೆ ಆಯಸ್ಸು ಬೆಳೆಯುತ್ತದೆ ಎಂದಲ್ಲ. ಕಾಲಿನ ಬಲ, ಕೀಲಿನ ಸಡಿಲ, ತೂಕ, ಸಮತೋಲ ಎಲ್ಲವೂ ಆ ಒಂದು ಏಳುವುದರಲ್ಲಿ ಕಾಣಿಸಿಬಿಡುತ್ತವೆ ಎಂದು. ನನ್ನ ಐದು ಕಿಲೋಮೀಟರ್ ನಡಿಗೆ ಕೊಡದೇ ಇದ್ದದ್ದು ಇದನ್ನೇ. ನಡಿಗೆಯಲ್ಲಿ ಸೊಂಟ ಪೂರ್ತಿ ಮಡಚುವುದಿಲ್ಲ, ಕೈ ತಲೆಯ ಮೇಲೆ ಹೋಗುವುದಿಲ್ಲ, ಒಂಟಿ ಕಾಲಲ್ಲಿ ಅರೆ ನಿಮಿಷ ನಿಲ್ಲುವ ಪ್ರಸಂಗ ಬರುವುದಿಲ್ಲ. ಒಂಟಿ ಕಾಲಲ್ಲಿ ನಿಲ್ಲುವ ನಿಮ್ಮ ವೃಕ್ಷಾಸನ, ಕುಕ್ಕರಗಾಲಲ್ಲಿ ಕೂರುವ ಮಾಲಾಸನ ಕೊಡುವುದು ಅದನ್ನು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲದ ಕಸರತ್ತು ಮಾಡಬೇಕು ಎಂದು ಮೇಲೆ ಹೇಳಿದ ಸಂಸ್ಥೆಯೇ ಹೇಳುತ್ತದೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಹಿರಿಯರು ಯಾರ ನೆಂಟರಲ್ಲಿ ಇಲ್ಲ ಹೇಳಿ.

ಕಾಗದದ ಕೊನೆಯಲ್ಲಿ, ಬೆನ್ನುನೋವು ಹೋದದ್ದು ಯೋಗದಿಂದಲೇ ಎಂದೂ ಒಂದು ಸಾಲು ಬರೆದಿದ್ದೀರಿ. ನನಗೆ ಅದು ಕ್ಯಾಲರಿಗಿಂತ ದೊಡ್ಡ ಸುದ್ದಿ. ಹಳೆಯ ಸೊಂಟನೋವಿಗೆ ಮಾತ್ರೆಗಿಂತ ಮೊದಲು ನೋಡಬೇಕಾದ ದಾರಿಗಳ ಪಟ್ಟಿಯಲ್ಲಿ ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲೇ ಯೋಗವನ್ನೂ ಸೇರಿಸಿದೆ. ಬಗ್ಗಿ ಕೂತು ಹೊಲಿಯುವವರಿಗೆ ಬೆನ್ನು ನೆಟ್ಟಗಿದ್ದರೆ ತಾನೇ ಸಂಪಾದನೆ? ಅದರ ಮುಂದೆ 600 ರೂಪಾಯಿ ಯಾವ ಲೆಕ್ಕ.

ಇನ್ನು ಉಸಿರು. ಮಾಮೂಲಿಯಾಗಿ ನಾವು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತೇವೆ. ಪ್ರಾಣಾಯಾಮದಲ್ಲಿ ಅದು ಆರಕ್ಕೆ ಇಳಿಯಬಹುದು. 2001ರಲ್ಲಿ ಇಟಲಿಯ ಸಂಶೋಧಕರು ಕೆಲವರಿಂದ ಕ್ರೈಸ್ತರ ಲ್ಯಾಟಿನ್ ಜಪಮಾಲೆ ಪ್ರಾರ್ಥನೆ ಹೇಳಿಸಿದರು, 'ಓಂ ಮಣಿ ಪದ್ಮೇ' ಎಂಬ ಬೌದ್ಧರ ಮಂತ್ರ ಕೂಡ ಹೇಳಿಸಿದರು. ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಬಂತು. ರಕ್ತದೊತ್ತಡವನ್ನು ಹದದಲ್ಲಿ ಇಡುವ ದೇಹದ ಏರ್ಪಾಡು ಚುರುಕಾಯಿತು. ದೇವರು ಯಾರಾದರೂ ಉಸಿರಿನ ಲೆಕ್ಕ ಒಂದೇ. ಓಡುವಾಗ ಈ ಲಾಭ ಸಿಗುವುದಿಲ್ಲ. ಓಟದ ಕೆಲಸವೇ ಬೇರೆ.

ಹಾಗಾದರೆ ಹೃದ್ರೋಗಿಗಳಿಗೆ ಯೋಗವೇ ಸಾಕೇ? ನಮ್ಮ ದೇಶದಲ್ಲೇ ಒಂದು ದೊಡ್ಡ ಪರೀಕ್ಷೆ ನಡೆದಿದೆ. ಹೃದಯಾಘಾತ ಆದ ಸುಮಾರು ನಾಲ್ಕು ಸಾವಿರ ಜನ, 24 ಆಸ್ಪತ್ರೆಗಳು. ಅರ್ಧ ಜನರಿಗೆ ಯೋಗದ ತರಬೇತಿ, ಉಳಿದವರಿಗೆ ಮಾಮೂಲಿ ಆರೈಕೆ, ಸಲಹೆ. ಫಲಿತಾಂಶ 2020ರಲ್ಲಿ ಬಂತು. ಯೋಗದವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದರು, ಹಳೆಯ ಕೆಲಸಗಳಿಗೆ ಚೆನ್ನಾಗಿ ಮರಳಿದರು. ಆದರೆ ಮತ್ತೆ ಹೃದಯಾಘಾತ, ಪಾರ್ಶ್ವವಾಯು, ಸಾವು ಇವುಗಳ ಲೆಕ್ಕದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬರುವ 'ಯೋಗದಿಂದ ಬ್ಲಾಕ್ ಮಾಯ' ಸಂದೇಶಗಳನ್ನು ಇದರ ಪಕ್ಕ ಇಟ್ಟು ನೋಡಿ.

ಪುನೀತ್ ವಿಷಯ ಬರೆದಿದ್ದೀರಿ. 2021ರ ಅಕ್ಟೋಬರ್ 29 ನಮಗೂ ಮರೆತಿಲ್ಲ. 46ರ ಮನುಷ್ಯ. ಆಮೇಲೆ ಜಯದೇವ ಆಸ್ಪತ್ರೆಯ ಮುಂದೆ ಎದೆ ತೋರಿಸಿಕೊಳ್ಳಲು ಸಾಲು ನಿಂತವರಲ್ಲಿ ನಮ್ಮ ಕಚೇರಿಯ ಇಬ್ಬರೂ ಇದ್ದರು. ಆದರೆ ಒಬ್ಬರ ಸಾವನ್ನು ಹಿಡಿದು ವ್ಯಾಯಾಮವನ್ನೇ ಅಪರಾಧಿ ಮಾಡುವುದು ತಪ್ಪು. ಅಭ್ಯಾಸವೇ ಇಲ್ಲದವರು ಒಂದೇ ದಿನ ಮೈಮುರಿದು ಓಡಿದರೆ ಆ ಹೊತ್ತಿಗೆ ಅಪಾಯ ಏರುತ್ತದೆ, ನಿಜ. ನಿಧಾನವಾಗಿ ಏರಿಸಿಕೊಂಡು ದಿನಾ ಮಾಡುವವರಿಗೆ ಒಟ್ಟಾರೆ ಅಪಾಯ ಇಳಿಯುತ್ತದೆ. ನಿಮಗೆ ಓಟ ಬೇಡವೇ ಬೇಡ, ಬಿರುಸು ನಡಿಗೆ ಸಾಕು. ಎದೆ ಭಾರ, ದವಡೆಗೋ ತೋಳಿಗೋ ಹಬ್ಬುವ ನೋವು, ತಣ್ಣನೆ ಬೆವರು ಬಂದರೆ ಚಾಪೆಯಾಗಲಿ ಮೈದಾನವಾಗಲಿ, ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗ್ಯಾಸು ಅಂತ ಸೋಡಾ ಕುಡಿಯುತ್ತಾ ಕೂರಬಾರದು.

ಚಾಪೆಯಲ್ಲೂ ಎಚ್ಚರ ಬೇಕು. ಬಿಪಿ ಇದೆ ಎಂದು ನಿಮ್ಮ ಗುರುಗಳಿಗೆ ಹೇಳಿದ್ದೀರಾ? ಶೀರ್ಷಾಸನ, ರಭಸದ ಕಪಾಲಭಾತಿ ನಿಮಗೆ ಬೇಡ. ತಲೆಕೆಳಗಾದಾಗ ಕಣ್ಣಿನ ಒಳಗಿನ ಒತ್ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಕಣ್ಣಿನ ನರ ಕೆಡಿಸುವ ಗ್ಲಾಕೋಮಾ ಕಾಯಿಲೆ ಇರುವವರಂತೂ ಆ ಕಡೆ ಹೋಗಲೇಬಾರದು.

ತೀರ್ಪು ಕೇಳಿದ್ದೀರಿ. ಹೃದಯ, ಸಕ್ಕರೆ, ತೂಕ ಇಷ್ಟಕ್ಕೇ ಆದರೆ ನನ್ನ ಓಟು ಮೈದಾನಕ್ಕೆ. ಬೆನ್ನು, ಕೀಲು, ಸಮತೋಲ, ನಿದ್ದೆ, ಮನಸ್ಸಿನ ಗಡಿಬಿಡಿ ಇವಕ್ಕೆ ಚಾಪೆಗೆ. ನೀವು ಕ್ಲಾಸು ಬಿಡಬೇಡಿ. ಆರು ದಿನದ ಬದಲು ಮೂರು ದಿನ ಹೋಗಿ, ಉಳಿದ ಮೂರು ದಿನ ನಲವತ್ತು ನಿಮಿಷ ನಡೆಯಿರಿ. ಊಟದ ನಂತರದ ಅಡ್ಡಾಟದಲ್ಲೂ ಸ್ವಲ್ಪ ಬಿರುಸು ಇದ್ದರೆ ವಾರದ ಲೆಕ್ಕ ಮುಟ್ಟುತ್ತದೆ. ವೇಗದ ಅಳತೆಗೆ ವಾಚೂ ಬೇಡ: ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಯಜಮಾನರನ್ನೂ ಇದೇ ಅಳತೆಯಲ್ಲಿ ಒಮ್ಮೆ ನೋಡಿ. ಮೈದಾನದಲ್ಲಿ ಸ್ನೇಹಿತರ ಜೊತೆ ರಾಜಕೀಯ ಶುರುವಾದರೆ ಕಾಲು ತಾನಾಗಿ ನಿಧಾನ ಆಗುತ್ತದೆ. ಇದು ನನ್ನ ಸ್ವಂತ ಅನುಭವ.

ಬರುವ ಭಾನುವಾರ ಒಂದು ಕೆಲಸ ಮಾಡಿ. ನೀವು ಅವರ ಜೊತೆ ಆರು ಸುತ್ತು ಹಾಕಿ. ಆಮೇಲೆ ಮನೆಗೆ ಬಂದು ಅವರನ್ನು ಚಾಪೆ ಮೇಲೆ ಮಾಲಾಸನದಲ್ಲಿ ಕೂರಿಸಿ. ಹಿಮ್ಮಡಿ ನೆಲಕ್ಕೆ ತಾಗಿತೋ ಇಲ್ಲವೋ, ಏಳುವಾಗ ಗೋಡೆ ಹಿಡಿದರೋ ನಿಮ್ಮ ಹೆಗಲು ಹಿಡಿದರೋ, ನಮಗೊಂದು ಕಾರ್ಡು ಬರೆಯಿರಿ. 600 ರೂಪಾಯಿ ವಿಷಯ ಆಮೇಲೆ ಮಾತಾಡೋಣ.

– ಸಂಪಾದಕ