ಪ್ರತಿ: ಅಂತರ್ಯುದ್ಧದಲ್ಲಿ ಹೋರಾಡಿದ ಜರ್ಮನ್ ಹಿರಿಯರ ಊರು

ನಿಮ್ಮ ಅಮೆರಿಕನ್ ಸೊಸೆಯ ಮುತ್ತಜ್ಜನ ಅಪ್ಪ ಜರ್ಮನಿಯಿಂದ ಅಮೆರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ ಬಂದು ಅಲ್ಲಿನ ಅಂತರ್ಯುದ್ಧದಲ್ಲಿ (1861–65) ಹೋರಾಡಿದವರು, ಹುಟ್ಟೂರು ಮಾತ್ರ ಗೊತ್ತಾಗ್ತಿಲ್ಲ ಅಂದಿದ್ದೀರಿ. ಪೌರತ್ವದ ಕಾಗದ ಸುಮ್ನೆ ಹುಡುಕಬೇಡಿ ಮೇಡಂ. 1906ಕ್ಕಿಂತ ಹಿಂದಿನವುಗಳಲ್ಲಿ ಸಾಮಾನ್ಯವಾಗಿ ದೇಶದ ಹೆಸರಷ್ಟೇ ಇರುತ್ತದೆ. ಅದರಲ್ಲೂ ಸೈನಿಕರಿಗೆ 1862ರ ಕಾನೂನು ಪೌರತ್ವ ಪಡೆಯುವ ಕೆಲಸ ಸಲೀಸು ಮಾಡಿತ್ತು: ಒಂದು ವರ್ಷದ ವಾಸ ತೋರಿಸಿದರೆ ಸಾಕು.

ಅದರ ಬದಲು ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ನಿಂದ (ಅಮೆರಿಕ ಸರ್ಕಾರದ ಹಳೆಯ ದಾಖಲೆಗಳ ಭಂಡಾರ) ಅವರ ಸೈನಿಕ ಪಿಂಚಣಿಯ ಕಡತ ತರಿಸಿ. ಅವರ ಹೆಂಡತಿ ಅರ್ಜಿ ಹಾಕಿದ್ದರೆ ನಿಮ್ಮ ಅದೃಷ್ಟ! ವಿಧವೆಯರು ಮದುವೆಗೆ ಪುರಾವೆ ಕೊಡಬೇಕಿತ್ತು. ಬೇರೆ ದಾಖಲೆ ಇಲ್ಲದ ಕೆಲವರು ಮದುವೆ, ಮಕ್ಕಳ ಹುಟ್ಟು ಬರೆದಿಟ್ಟ ಮನೆಯ ಬೈಬಲ್ ಹಾಳೆಯನ್ನೇ ಹರಿದು ಕಳಿಸಿದ್ದೂ ಉಂಟು. ನೆರೆಹೊರೆಯವರ ಹೇಳಿಕೆಗಳನ್ನೂ ಬಿಡದೆ ಓದಿ, ಊರಿನ ಸುಳಿವು ಅಲ್ಲೂ ಸಿಗಬಹುದು. ಶ್ಮಿಟ್ ಇದ್ದವರು ಸ್ಮಿತ್ ಆಗಿರುತ್ತಾರೆ ಅಲ್ವಾ, ಎರಡೂ ಹೆಸರಲ್ಲಿ ಹುಡುಕಿಸಿ.