ಧ್ಯಾನಕೂಟದಲ್ಲಿ ನಿದ್ದೆ ಹೋದ ಸಿಸ್ಟರ್

ಇವರು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದವರು, ಕೊಪ್ಪಳ ಜಿಲ್ಲೆಯ ಒಂದು ಕಾನ್ವೆಂಟಿನ ಸಿಸ್ಟರ್, ಅಂದರೆ ಕ್ರೈಸ್ತ ಸನ್ಯಾಸಿನಿ. ವಯಸ್ಸು ನಲವತ್ತು ದಾಟಿದೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಬಳ್ಳಾರಿಯಲ್ಲಿ ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ಧ್ಯಾನಕೂಟ ಇತ್ತು. ಸಿಸ್ಟರ್‌ಗಳ ಜೊತೆ ಅಸೋಸಿಯೇಟ್‌ಗಳೂ ಇದ್ದರು. ಅಂದರೆ ವ್ರತ ತೆಗೆದುಕೊಳ್ಳದೆ, ಸಂಸಾರದಲ್ಲಿದ್ದುಕೊಂಡೇ ಈ ಸನ್ಯಾಸಿನಿಯರ ಸಂಘದ ಪ್ರಾರ್ಥನೆ, ಸೇವೆಗಳಲ್ಲಿ ಪಾಲುಗೊಳ್ಳುವವರು. ಮೌನ, ಬೈಬಲ್ ಓದು, ಪಾಪನಿವೇದನೆ, ರಾತ್ರಿ ಪರಮಪ್ರಸಾದದ (ಯೇಸುವಿನ ದೇಹವೆಂದು ನಂಬುವ ರೊಟ್ಟಿಯ) ಮುಂದೆ ಕೂತು ಆರಾಧನೆ, ಭಾನುವಾರ ಚರ್ಚಿನ ಬಲಿಪೂಜೆ (ಮಾಸ್). ಕೊನೆಗೆ ಎಲ್ಲರೂ ಸುತ್ತ ಕೂತು ಅನುಭವ ಹೇಳಬೇಕು.

‘ಆರಾಧನೆಗೆ ಕೂತೆ ಮೇಡಂ. ಒಂದು ಮಾತೂ ಬರಲಿಲ್ಲ. ನಿದ್ದೆ ಹೋಗಿಬಿಟ್ಟೆ’ ಅಂದರು. ಅದಕ್ಕಿಂತ ಜಾಸ್ತಿ ಕಾಡುತ್ತಿದ್ದದ್ದು ಭಾನುವಾರದ ಮಾತು. ಎಲ್ಲರೂ ಸಂತೋಷದ ಅನುಭವ ಹೇಳುವಾಗ ಇವರೂ ‘ದೇವರು ನನ್ನ ಜೊತೆ ಮಾತಾಡಿದ್ರು’ ಅಂದುಬಿಟ್ಟಿದ್ದರು. ಒಬ್ಬ ಅಸೋಸಿಯೇಟ್ ಇವರ ಕೈ ಹಿಡಿದು, ‘ನಿಮ್ಮನ್ನ ನೋಡಿ ನನ್ನ ವಿಶ್ವಾಸ ಗಟ್ಟಿಯಾಯ್ತು ಸಿಸ್ಟರ್’ ಅಂತ ಅತ್ತರಂತೆ. ಅವತ್ತಿನಿಂದ ಪ್ರಾರ್ಥನೆಗೆ ಕೂರಲು ಆಗುತ್ತಿಲ್ಲ. ‘ನನ್ನ ದೈವಕರೆಯೇ ಸುಳ್ಳಾ?’ ಅಂತ ಕೇಳಿದರು. ಸಿಸ್ಟರ್ ಆಗಲು ದೇವರೇ ಕರೆದರು ಅನ್ನುವ ನಂಬಿಕೆಗೆ ದೈವಕರೆ ಅನ್ನುತ್ತಾರೆ.

ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಅದು ಅವರ ಆಧ್ಯಾತ್ಮಿಕ ಮಾರ್ಗದರ್ಶಿಯ ಜೊತೆ ಆಡಬೇಕಾದ ಮಾತು. ನಾನು ದಿನಚರಿ ಕೇಳಿದೆ. ನಾಲ್ಕೂವರೆಗೆ ಏಳುತ್ತಾರೆ. ಪ್ರಾರ್ಥನೆ, ಹಾಸ್ಟೆಲ್ ಮಕ್ಕಳ ತಿಂಡಿ, ಶಾಲೆ, ಸಂಜೆ ಲೆಕ್ಕಪತ್ರ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್‌ಗೆ ಫೋನ್ ಮಾಡುವವರೂ ಅವರೇ, ರಾತ್ರಿ ಯಾವ ಹುಡುಗಿಗೆ ಜ್ವರ ಬಂದರೂ ಏಳುವವರೂ ಅವರೇ. ಕೆಲವು ತಿಂಗಳಿಂದ ಮುಟ್ಟಿನ ಸ್ರಾವ ವಿಪರೀತ, ಮೆಟ್ಟಿಲು ಹತ್ತಿದರೆ ಏದುಸಿರು. ಯಾರಿಗೂ ಹೇಳಿರಲಿಲ್ಲ. ಇಂಥ ದೇಹವನ್ನು ಮೌನದಲ್ಲಿ ಕೂರಿಸಿದರೆ ನಿದ್ದೆ ಬರದೆ ಇರುತ್ತಾ?

ಸಾಯಬೇಕು ಅನಿಸುತ್ತದೆಯೇ ಅಂತ ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ‘ನಾನಾಗಿ ಏನೂ ಮಾಡ್ಕೊಳ್ಳಲ್ಲ. ದೇವರೇ ಕರ್ಕೊಂಡ್ರೆ ಸಾಕು ಅನಿಸುತ್ತೆ’ ಅಂದರು. ಈ ಮಾತನ್ನೂ ಹಗುರವಾಗಿ ಬಿಡಬಾರದು. ಅವರನ್ನು ಕೇಳಿಯೇ ಜೊತೆಗೆ ಬಂದಿದ್ದ ಸಿಸ್ಟರ್‌ಗೆ ವಿಷಯ ತಿಳಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ಅದು ಉಚಿತ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ವಾರಕ್ಕೊಮ್ಮೆ ಬರಲು ಹೇಳಿದೆ.

ಬೈಬಲಿನ ಪ್ರವಾದಿ ಎಲೀಯನ ಕಥೆ ಅವರು ಮಕ್ಕಳಿಗೆ ಎಷ್ಟೋ ಸಲ ಹೇಳಿದವರು. ಅರಸುಗಳ ಮೊದಲ ಗ್ರಂಥ, 19ನೇ ಅಧ್ಯಾಯ. ಅದನ್ನೇ ನೆನಪಿಸಿದೆ. ಪ್ರವಾದಿ ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ಮಲಗಿಬಿಡುತ್ತಾನೆ. ದೇವದೂತ ಬೈಯುವುದಿಲ್ಲ. ರೊಟ್ಟಿ, ನೀರು ತೋರಿಸಿ ಏಳು, ತಿನ್ನು ಅನ್ನುತ್ತಾನೆ. ತಿಂದು ಮತ್ತೆ ಮಲಗಿದರೂ ಬೈಗುಳವಿಲ್ಲ, ಎರಡನೇ ಸಲವೂ ಊಟವೇ. ದೇವರ ದನಿ ಕೇಳುವುದು ಇದಾಗಿ ನಲವತ್ತು ದಿನ ನಡೆದ ಮೇಲೆ. ಸಿಸ್ಟರ್ ತುಂಬಾ ಹೊತ್ತು ಅತ್ತರು.

ಮೊದಲು ರಕ್ತ ಪರೀಕ್ಷೆಗೆ ಕಳಿಸಿದೆ. ಹಿಮೋಗ್ಲೋಬಿನ್ 8 ಇತ್ತು. ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಟ್ಟು, ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದರು. ಮಾತ್ರೆಯ ಜೊತೆ ಚಹಾ ಬೇಡ ಅಂತ ನಾನೂ ಹೇಳಿದೆ.

ಆದರೆ ಎಲ್ಲವನ್ನೂ ರಕ್ತಹೀನತೆಯ ಮೇಲೆ ಹಾಕುವಂತಿರಲಿಲ್ಲ. ಪ್ರಾರ್ಥನೆಯಲ್ಲಷ್ಟೇ ಮನಸ್ಸು ಒಣಗಿದ್ದರೆ ಮಕ್ಕಳ ಆಟ, ಹಾಡು, ಊಟ ರುಚಿಸುತ್ತವೆ. ಇವರಿಗೆ ಯಾವುದೂ ಬೇಡವಾಗಿತ್ತು. ಹೀಗೆ ಎರಡು ವಾರಕ್ಕಿಂತ ಜಾಸ್ತಿ ಇದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಸಂಕೋಚ ಪಟ್ಟರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ, ಇಲ್ಲಿ ಇದು ಹೊಸದಲ್ಲ ಅಂದೆ. ಹೋದರು.

ಕಾನ್ವೆಂಟಿನ ಮುಖ್ಯಸ್ಥೆಯಾದ ಸುಪೀರಿಯರ್‌ಗೆ ಎಲ್ಲ ಹೇಳಬೇಕಾ ಅನ್ನುವ ಭಯವಿತ್ತು. ಬೇಕಿಲ್ಲ. ಅಂತರಂಗ ಬಿಚ್ಚುವಂತೆ ಯಾವ ಸುಪೀರಿಯರೂ ಒತ್ತಾಯಿಸಬಾರದು ಅಂತ ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 630ನೇ ನಿಯಮವೇ ಹೇಳುತ್ತದೆ. ಆರೋಗ್ಯದ ವಿಷಯ ಹೇಳಿ, ಹಾಸ್ಟೆಲಿನ ರಾತ್ರಿ ಕೆಲಸ ಹಂಚಿಕೊಡಿ ಅಂತ ಕೇಳಿದರೆ ಸಾಕು. ಕೇಳಿದರು, ಸಿಕ್ಕಿತು. ಆ ಸುಳ್ಳನ್ನು ಪಾಪನಿವೇದನೆಗೆ ಒಯ್ಯುತ್ತೇನೆ ಅಂದರು. ಸರಿ ಅಂದೆ. ಅಸೋಸಿಯೇಟ್‌ಗಳ ಮನೆ ಮನೆಗೆ ಹೋಗಿ ಹೇಳುವ ಅಗತ್ಯವಿಲ್ಲ ಅಂತಲೂ ಹೇಳಿದೆ.

ಧ್ಯಾನಕೂಟ ನಡೆಸುವವರಲ್ಲಿ ಒಂದು ಬೇಡಿಕೆ. ಅನುಭವ ಹೇಳುವ ಸರದಿ ಬಂದಾಗ, ‘ನಾನು ಸುಮ್ನೆ ಕೂತಿರ್ತೀನಿ’ ಅನ್ನಲು ಎಲ್ಲರಿಗೂ ಅವಕಾಶ ಇದೆ ಅಂತ ಶುಕ್ರವಾರವೇ ತಿಳಿಸಿ. ಮೊದಲ ರಾತ್ರಿ ಕಾರ್ಯಕ್ರಮ ಇಡಬೇಡಿ. ಬಂದವರು ಮಲಗಲಿ.