‘ಫುಲ್ಸಮ್’ (fulsome) ಎಂಬ ಇಂಗ್ಲಿಷ್ ಪದದ ಸರಿಯಾದ ಅರ್ಥ ಯಾವುದು? ಧನ್ಯವಾದ ಪತ್ರದಲ್ಲಿ ಬಳಸಬಹುದೇ?

ನಿಘಂಟಿನಲ್ಲಿ ಹೊಗಳುವ ಅರ್ಥವೂ ತೆಗಳುವ ಅರ್ಥವೂ ಇವೆ, ಮಾರ್ಗದರ್ಶಕರ ಮೆಚ್ಚುಗೆಗೆ ಕೃತಜ್ಞತೆ ಹೇಳುವಾಗ ಈ ಪದ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಇಂಥದೇ ಪತ್ರದಲ್ಲಿ ಇದೇ ಪದವನ್ನು ಬಳಸಿ ನಾನು ಕೆಟ್ಟಿದ್ದೇನೆ.

ನನ್ನ ಮೊದಲ ಅನುವಾದದ ಹಸ್ತಪ್ರತಿಯನ್ನು ಓದಿದ ಹಿರಿಯ ಸಂಪಾದಕರೊಬ್ಬರು ಮನಸಾರೆ ಮೆಚ್ಚಿ ಬರೆದಿದ್ದರು. ಅವರ ‘ಫುಲ್ಸಮ್’ ಪ್ರಶಂಸೆಗೆ ಋಣಿ ಎಂದು ನಾನು ಇಂಗ್ಲಿಷಿನಲ್ಲಿ ಉತ್ತರಿಸಿದೆ. ನಾನು ಹೇಳಹೊರಟದ್ದು ತುಂಬು ಹೃದಯದ ಪ್ರಶಂಸೆ. ಅವರು ಓದಿಕೊಂಡದ್ದು ಅತಿಯಾದ ಮುಖಸ್ತುತಿ. ತಮ್ಮ ಮಾತು ಕೃತಕವೆನಿಸಿದ್ದಕ್ಕೆ ವಿಷಾದವಿದೆ ಎಂಬ ಒಂದೇ ಸಾಲಿನ ಉತ್ತರ ಬಂತು. ಬರೆದುಕೊಡುತ್ತೇನೆಂದಿದ್ದ ಮುನ್ನುಡಿ ಮಾತ್ರ ಬರಲೇ ಇಲ್ಲ.

ನಿಘಂಟು ನೋಡದೆ ಬರೆದಿದ್ದರೆ ಅಜ್ಞಾನವೆಂದು ಸುಮ್ಮನಿರಬಹುದಿತ್ತು. ನಾನು ನೋಡಿಯೇ ಬರೆದಿದ್ದೆ. ಮೆರಿಯಮ್-ವೆಬ್‌ಸ್ಟರ್ ತೆರೆದಾಗ ಮೊದಲು ಕಂಡದ್ದು ‘ಹೇರಳವಾದ’ ಎಂಬರ್ಥ. ಅಷ್ಟಕ್ಕೇ ತೃಪ್ತನಾಗಿ ಮುಚ್ಚಿಬಿಟ್ಟೆ. ಆ ನಿಘಂಟು ಅರ್ಥಗಳನ್ನು ಚಾರಿತ್ರಿಕ ಕ್ರಮದಲ್ಲಿ ಜೋಡಿಸುತ್ತದೆ, ಆದ್ದರಿಂದ ಮೊದಲು ನಿಲ್ಲುವುದು ಹಳೆಯ ಅರ್ಥವೇ ಹೊರತು ಪ್ರಚಲಿತ ಅರ್ಥವೇ ಆಗಿರಬೇಕೆಂದಿಲ್ಲ ಎಂಬುದು ಅದರ ಪೀಠಿಕೆಯಲ್ಲೇ ಇದೆ. (ನಿಘಂಟಿನ ಪೀಠಿಕೆಯನ್ನು ಓದುವವರುಂಟೇ?) ಇನ್ನು ನಾಲ್ಕು ಸಾಲು ಕೆಳಗಿಳಿದಿದ್ದರೆ ‘ಅಸಹ್ಯ’, ‘ಔಚಿತ್ಯ ಮೀರಿದ’, ‘ವಿಪರೀತ ಹೊಗಳುವ’ ಎಂಬ ಅರ್ಥಗಳು ಸಾಲಾಗಿ ಸಿಗುತ್ತಿದ್ದವು. ಮಧ್ಯಕಾಲೀನ ಇಂಗ್ಲಿಷಿನಲ್ಲಿ ‘ಫುಲ್’ಗೆ ‘ಸಮ್’ ಸೇರಿ ಹುಟ್ಟಿದಾಗ ಅದರ ಅರ್ಥ ಸಮೃದ್ಧ ಎಂದೇ ಇತ್ತು. ಮುಂದೆ ಆ ಸಮೃದ್ಧಿ ಅತಿಯಾಗಿ, ಅತಿಯಾದದ್ದು ವಾಕರಿಕೆಯಾಗಿ, ಕಡೆಗೆ ಹೊಗಳಿಕೆಗೆ ಅಂಟಿಕೊಂಡು ಹೀನಾರ್ಥಕ್ಕಿಳಿಯಿತು. 20ನೆಯ ಶತಮಾನದಲ್ಲಿ ಹಳೆಯ ಅರ್ಥ ಮತ್ತೆ ತಲೆಯೆತ್ತಿದ್ದರಿಂದ ಈಗ ಎರಡೂ ಜೀವಂತವಾಗಿವೆ.

ಹಾಗಾಗಿ ಸರಿ ಯಾವುದೆಂಬ ನಿಮ್ಮ ಪ್ರಶ್ನೆಯೇ ದಾರಿ ತಪ್ಪಿಸುವಂಥದ್ದು. ಪತ್ರವನ್ನು ಓದುವವರು ನೀವಲ್ಲ, ನಿಮ್ಮ ಮಾರ್ಗದರ್ಶಕರು. ಯಾವ ಅರ್ಥವನ್ನು ಎತ್ತಿಕೊಳ್ಳಬೇಕೆಂದು ನಿರ್ಧರಿಸುವವರೂ ಅವರೇ. ಹೇಗೆ ಬಳಸಿದರೂ ಯಾರಾದರೊಬ್ಬರು ಹುಬ್ಬುಗಂಟಿಕ್ಕುವ ಇಂಥ ಪದಗಳಿಗೆ ಅಮೆರಿಕದ ಇಂಗ್ಲಿಷ್ ಪದಬಳಕೆಯ ತಜ್ಞ ಬ್ರಯಾನ್ ಗಾರ್ನರ್, ದುರ್ವಾಸನೆ ಬಿಡುವ ಪ್ರಾಣಿಯ ಹೆಸರಿನಿಂದ, ‘ಸ್ಕಂಕ್ಡ್’ ಎಂಬ ವಿಶೇಷಣ ಕೊಟ್ಟಿದ್ದಾರೆ. ಮುಖಸ್ತುತಿಯನ್ನು ಟೀಕಿಸುವ ಲೇಖನದಲ್ಲಾದರೆ ಧಾರಾಳವಾಗಿ ಬಳಸಿ, ಸುತ್ತಲಿನ ಮಾತೇ ಅರ್ಥವನ್ನು ಹಿಡಿದಿಡುತ್ತದೆ. ನಿಮ್ಮ ಪತ್ರದಲ್ಲಿ ಮಾತ್ರ ಅದನ್ನು ಹೊಡೆದುಹಾಕಿ ‘ಜೆನರಸ್’ (ಉದಾರ) ಎಂದು ಬರೆಯಿರಿ; ಅವರು ಮೆಚ್ಚಿದ್ದು ಯಾವ ಅಧ್ಯಾಯವನ್ನು ಎಂಬುದನ್ನೂ ಜೊತೆಗೆ ಸೇರಿಸಿ.